ಅಳಿಸುವುದಕ್ಕೂ ಟ್ರಾಮು ಹಿಡಿಯಬೇಕು

ಉಪ್ಪುನೀರಿನ ಸೌತೆಕಾಯಿ ಜಾಡಿಗಳ ಪಕ್ಕ
ಮೊದಲು ಆಲೂಗಡ್ಡೆ ಇಡುತ್ತಿದ್ದ ಗೂಡಲ್ಲಿ
ಈಗ ಈ ಪೆಟ್ಟಿಗೆ.
ನಾಲ್ಕು ಡಿಸ್ಕು, ಒಂದು ಫ್ಯಾನು, ಒಂದು ಹಸಿರು ದೀಪ.
ಮೂವತ್ತನಾಲ್ಕು ವರ್ಷ ವುಚ್ ಪಟ್ಟಣದ ಲಿಫ್ಟುಗಳಿಗೆ
ಗ್ರೀಸು ಹಚ್ಚಿದವನು ನಾನು, ಝೆನೋನ್.
ಭಾರ ಹೊರುವ ಯಂತ್ರ ಕೈಕೊಡುವ ಮುಂಚೆ
ಸದ್ದು ಬದಲಿಸುತ್ತದೆ. ನನ್ನ ವಿದ್ಯೆ ಅಷ್ಟೇ.

ಶುರುವಾದದ್ದು ನನ್ನ ಒಂದಿಷ್ಟು ಫೋಟೋಗಳಿಂದ.
ಆಮೇಲೆ ನೆಲಮಹಡಿಯ ತದೇವುಶ್
ತನ್ನ ಪಾರಿವಾಳಗಳ ವಂಶಾವಳಿ ತಂದ,
ಮೂರನೆಯ ಮಹಡಿಯಿಂದ ಅಕಾರ್ಡಿಯನ್ ಪಾಠ ಬಂತು,
ಯಾರದೋ ಮೊಣಕಾಲಿನ ಎಕ್ಸ್‌ರೇ.
ಮೆಟ್ಟಿಲು ಒಂದೇ, ಮನೆ ಹದಿನೈದು,
ಕರೆಂಟು ಬಿಲ್ಲು ನನ್ನದು.
ದುಡ್ಡು ಬೇಡವೆಂದೆ. ಗಸಗಸೆ ಕೇಕು ಬಂತು,
ಒಮ್ಮೆ ಯಾಕೆಂದು ತಿಳಿಯದೆ ಇಡೀ ಬಾತುಕೋಳಿ.

ಏನು ಕೆಲಸ ಇದು ಎಂದರೆ
ಏನೂ ಆಗದಂತೆ ನೋಡಿಕೊಳ್ಳುವುದು.
ಏನೂ ಆಗದಿದ್ದರೆ ಯಾರ ಕಣ್ಣಿಗೂ ಬೀಳದು.
ತಿಂಗಳ ಮೊದಲ ಭಾನುವಾರ
ಬಟಾಣಿಯಲ್ಲಿ ಹುಳುಕು ಆರಿಸಿದ ಹಾಗೆ
ಒಂದೊಂದು ಅಕ್ಷರವನ್ನೂ ಮುಟ್ಟಿ ನೋಡುತ್ತದೆ ಪೆಟ್ಟಿಗೆ,
ಹನ್ನೊಂದು ಗಂಟೆ.

ಜನವರಿಯಲ್ಲಿ ಮೂರನೆಯ ಡಿಸ್ಕು ಟಿಕ್ಕೆಂದಿತು.
ಸೂಪು ಕುಡಿಯುತ್ತಿದ್ದವನು ಚಮಚ ಕೆಳಗಿಟ್ಟೆ.
ಹೊಸದು ತಂದು ಸಿಕ್ಕಿಸಿ
ಮೂವತ್ತೊಂದು ಗಂಟೆ ಕುರ್ಚಿಯಲ್ಲಿ ಕೂತೆ.
ಉಳಿದ ಮೂರೂ ತಮ್ಮ ತಮ್ಮ ಪಾಲು ನೆನೆದು
ಹೊಸಬನಿಗೆ ಹೇಳಿಕೊಟ್ಟವು.
ಆ ಹೊತ್ತಲ್ಲಿ ಇನ್ನೊಂದು ಕಣ್ಣು ಮುಚ್ಚಿದ್ದರೆ?
ಆ ಮಾತು ಬಿಡಿ.

ಮಾರ್ಚಿನಲ್ಲಿ ಬಾಗಿಲು ತಟ್ಟಿದಳು ಬೊಗುಮಿಲಾ.
ಕೋಟು ಕಳಚಲಿಲ್ಲ, ಕೂರಲಿಲ್ಲ.
ಅವನು ಇರುವುದೆಲ್ಲ ಅಳಿಸಿಬಿಡಿ, ಒಂದೂ ಉಳಿಯಬಾರದು.
ಏಳು ವರ್ಷ, ಹದಿನೆಂಟು ಸಾವಿರ ಫೈಲು;
ನಾನು ಟೈಪು ಮಾಡಿದ್ದು ಒಂದೇ ಸಾಲು.
ಇಷ್ಟೇನಾ? ಅಂದಳು.
ಇಷ್ಟೇ, ಅಂದೆ.

ಸುಳ್ಳು.
ಪೆಟ್ಟಿಗೆ ರಾತ್ರಿಗೊಂದು ನೆರಳು ಹಿಡಿದಿಡುತ್ತದೆ,
ತೊಂಬತ್ತು ರಾತ್ರಿ ಕಾಯುತ್ತದೆ.
ಇದಲ್ಲದೆ ಐದನೆಯ ಡಿಸ್ಕೊಂದು ಪಬ್ಯಾನಿತ್ಸೆಯಲ್ಲಿ,
ತಂಗಿ ಓತಿಲಿಯಾಳ ಬೀರುವಿನಲ್ಲಿ ಉಣ್ಣೆಯ ಮಫ್ಲರು ಸುತ್ತಿಕೊಂಡು,
ಈ ಮನೆ ಸುಟ್ಟರೆ ಇರಲಿ ಎಂದು.
ಅಳಿಸಿದ್ದು ಅಳಿಯದಂತೆ ಕಟ್ಟಿದವನು ನಾನೇ.

ಇವತ್ತಲ್ಲ ನಾಳೆ ಅಳುತ್ತ ಬಂದಾಳು,
ಆಗ ತೆಗೆದುಕೊಟ್ಟು ದೊಡ್ಡವನಾಗುವೆ ಎಂದುಕೊಂಡಿದ್ದೆ.
ಏಪ್ರಿಲ್ಲಿನಲ್ಲಿ ಮೆಟ್ಟಿಲ ಮೇಲೆ ಸಿಕ್ಕಳು,
ಕೈಯಲ್ಲಿ ಮೂಲಂಗಿ ಕಂತೆ.
ಈಗ ನಿದ್ದೆ ಬರುತ್ತಿದೆ ಝೆನೋನ್ ಮಾಮ, ಅಂದಳು.
ನನಗೆ ಆ ರಾತ್ರಿ ಬರಲಿಲ್ಲ.

ನೆರಳು ಹದಿನೈದು ಮನೆಗೂ ಒಟ್ಟಿಗೇ ಬೀಳುವಂಥದ್ದು,
ಅವಳದನ್ನಷ್ಟೇ ಕತ್ತರಿಸಿ ತೆಗೆಯಲು ಬಾರದು.
ಎಲ್ಲ ತೆಗೆದೆ.
ಯಾರ ತಪ್ಪಿಗೂ ಹಿಂದಿರುಗುವ ದಾರಿಯಿಲ್ಲದೆ
ಇಡೀ ಕಟ್ಟಡ ಮಲಗಿತ್ತು; ಯಾರಿಗೂ ಹೇಳಲಿಲ್ಲ.
ಬೆಳಗ್ಗೆ ಟ್ರಾಮು.
ಈ ಊರ ಹೆಸರಿಗೆ ದೋಣಿ ಎಂದರ್ಥ,
ಹೊಳೆಗಳೋ ಕೊಳವೆಯೊಳಗೆ, ರಸ್ತೆಯ ಕೆಳಗೆ.
ಮಫ್ಲರು ಬಿಚ್ಚುವಾಗ ಓತಿಲಿಯಾ ಕೇಳಿದಳು:
ಒಂದಾದರೂ ನೋಡಿದೆಯಾ?
ಇಲ್ಲ. ಒಂದು ಫೋಲ್ಡರಿನ ಹೆಸರು ಮಾತ್ರ ಕಣ್ಣಿಗೆ ಬಿತ್ತು:
ಬಾಲ್ಕನಿ ಟೊಮೇಟೊ.

ಮುಂದಿನ ವಾರ ತದೇವುಶ್ ಬಂದ, ಟೋಪಿ ಕೈಲಿ ಹಿಡಿದು.
ಹೋದ ತಿಂಗಳು ಕೈತಪ್ಪಿ ಅಳಿಸಿದೆ,
ಜುಟ್ಟಿನ ಹೆಣ್ಣುಗಳ ಹಾಳೆ. ತೆಗೆದುಕೊಡು.
ಇಲ್ಲ, ಅಂದೆ.
ಈ ಪೆಟ್ಟಿಗೆ ಬಂದಮೇಲೆ ಮೊದಲ ಇಲ್ಲ.
ಕಾರಣ ಕೇಳಿದ. ಜಾಡಿ ತೆರೆದು ಸೌತೆಕಾಯಿ ಮುಂದಿಟ್ಟೆ.
ಸುಮ್ಮನೆ ಕೂತಿದ್ದವನು ಕಣ್ಣು ಮುಚ್ಚಿ ಶುರುಮಾಡಿದ:
ಬೂದಿಗೆ ತಾಯಿ ಕಂಚಿ, ಕಂಚಿಗೆ ತಾಯಿ ಕುಂಟಿ,
ಕುಂಟಿಗೆ…
ನಾನು ಟೈಪು ಮಾಡುತ್ತ ಹೋದೆ.
ಕುಂಟಿಗೆ, ತಡಿ, ಕುಂಟಿಗೆ,
ಅಂದು ಇನ್ನೊಂದು ತುಂಡು ಕಚ್ಚಿದ.