ಒಂದು ಮೊರ ತೌಡು

ಕೇಪೆಂ ದಾಟಿ, ಗೇರುಗುಡ್ಡದ ಬೆನ್ನಿಗೆ
ತಗಡಿನ ಶೆಡ್ಡು. ಒಳಗ ಎ.ಸಿ., ಹೊರಗ ಸಗಣಿ.
ನಡುವ ನಾನು, ತಿಪ್ಪವ್ವ, ಸಿಂದಗಿ ಕಡೆಯಾಕಿ,
ತಿಂಗಳಿಗೆ ಹನ್ನೊಂದು ಸಾವಿರ, ಮತ್ತ ಒಂದು ಜೊತಿ ಗಮ್‌ಬೂಟು.

ವಾದಳ ಅಂತ ಒಂದು ಗೂಳಿ ಇತ್ತಂತ.
ಅಂದ್ರ ಕೊಂಕಣಿಯೊಳಗ ಬಿರುಗಾಳಿ.
ಭತ್ತ ಕೊಯ್ದ ಗದ್ದ್ಯಾಗ, ಪೊಲೀಸರು ಊಟಕ್ಕ ಹೋದ ಹೊತ್ತಿನ್ಯಾಗ
ಮೂವತ್ತೊಂದು ಕಾಳಗ, ಒಂದೂ ಸೋಲಿಲ್ಲ.
ಮೂವತ್ತೆರಡನೇದಕ್ಕ ಕರುಳು ಹೊರಗ.
ಕೈತಾನ ರೆಬೆಲೊ ಅತ್ತನಂತ, ಹೆತ್ತವ್ವ ಸತ್ತಾಗ ಅಳದಾವ.
ಅತ್ತು ಮುಗಿಯೂದರೊಳಗ ಡಾಕ್ಟರು ಬಂದು
ಕಿವಿಯ ತುದಿ ಕತ್ತರಿಸಿ, ಹೊಗಿ ಆಡೋ ಡಬ್ಬ್ಯಾಗ ಇಟ್ಟರು.
ಗೇರುಬೀಜದಷ್ಟೂ ಇರಲಿಲ್ಲಂತ ಆ ಚೂರು.

ಹತ್ತೊಂಬತ್ತು ಆಕಳ ತಂದರು.
ಹೆಸರಿಲ್ಲ, ಕಿವಿಗೆ ಹಳದಿ ಬಿಲ್ಲೆ.
ಐದನೇ ನಂಬರು ಮೂರು ತಿಂಗಳಿಗೆ ಕೆಡವಿತು.
ಎಂಟು, ಒಂಬತ್ತು ಒಂದೇ ರಾತ್ರಿ.
ಹದಿನಾರನೇದರ ಹೊಟ್ಟ್ಯಾಗ ಕರು ಬೆಳೀತು, ಬೆಳೀತು,
ಹೊರಗ ಬರಲಾರದಷ್ಟು ಬೆಳೀತು.
ತಾಯಿ ಕರು ಎರಡನ್ನೂ ಒಂದೇ ಕುಣಿಗೆ ಇಳಿಸಿ
ಜೆಸಿಬಿಯವ ಬೀಡಿ ಸೇದಿ ಮುಗಿಸೂತನ ಕಾಯ್ದೆ.
ವಹಿಯೊಳಗ ಕೆಂಪು ಶಾಯಿಲೆ ಒಂದು ಶಬ್ದ ಬರದರು.
ನನಗ ಓದಾಕ ಬರೂದಿಲ್ಲ; ಆದ್ರ ಆ ಶಬ್ದದ ಆಕಾರ
ಈಗ ಎಲ್ಲಿ ಕಂಡರೂ ಗುರುತು ಹಿಡೀತೀನಿ.

ಕಡೀಕ ಹನ್ನೆರಡನೇ ನಂಬರು ಈಯ್ತು.
'ಅದೇ! ಅದೇ ಗೂಳಿ!' ಡಾಕ್ಟರು ಫೋನಿನ್ಯಾಗ ಕುಣದರು.
ಆಕಳಿಗೆ ಯಾರೂ ಹೇಳಿರಲಿಲ್ಲ.
ಅದು ನೆಕ್ಕಿತು, ಮೊದಲ ಮೂಗು, ಆಮ್ಯಾಲ ಕಣ್ಣು,
ಎಂದೂ ಕಾಣದ್ದನ್ನ ನೆಕ್ಕಿದಂಗ.

ನನ್ನ ಟ್ರಂಕಿನ್ಯಾಗ ಅವ್ವನ ಬೆಳ್ಳಿ ತಾಯತ ಐತಿ.
ಒಳಗ ನಮ್ಮಕ್ಕ ನೀಲವ್ವನ ಹೊಕ್ಕುಳಬಳ್ಳಿ,
ಒಣಗಿ ಮೆಣಸಿನಕಾಯಿ ತೊಟ್ಟಿನಂಗ ಆಗೇತಿ.
ಹನ್ನೊಂದನೇ ದಿನಕ್ಕ ಹೋದಾಕಿ.
ಕೇಳೇಬಿಟ್ಟೆ ಒಂದಿನ: 'ಇದರಾಗೂ ಆಗತೈತೇನ್ರಿ?'
ಡಾಕ್ಟರು ನಗತಾರ ಅನಕೊಂಡಿದ್ದೆ. ನಗಲಿಲ್ಲ.
'ಅದರಾಗ ಜೀವ ಉಳಿದಿರೂದಿಲ್ಲ ತಿಪ್ಪವ್ವ' ಅಂದು ಕೈ ತೊಳಕೊಂಡು,
'ಬಿಸಿ ಇದ್ದಾಗ ತಂದಿದ್ದರ...' ಅಂತ ಮಾತು ಅಲ್ಲಿಗೇ ಬಿಟ್ಟರು.

ಆ ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ.
ನೀಲವ್ವ ತಿರುಗಿ ಬಂದರ ನನಗ ಅಕ್ಕೋ, ಮಗಳೋ?
ಆಕಿ ಹೋದದ್ದಕ್ಕ ಅಲ್ಲೇನು ನಾ ಹುಟ್ಟಿದ್ದು?
ಆಕಿ ಪಾಲಿನ ಹಾಲು ಕುಡದಾಕಿ ನಾನು,
ಯಾವ ಮಾರಿ ಇಟ್ಟುಕೊಂಡು ಎದುರಿಗೆ ನಿಲ್ಲಲಿ?

ಹುಟ್ಟಿದ ದಿನಾನ ಅವ್ವ ನನ್ನ ತಿಪ್ಪಿಮ್ಯಾಲ ಒಗದಿದ್ದಳು.
ಓಣಿಯ ದ್ಯಾಮವ್ವ ಎತ್ತಿಕೊಂಡು
ಒಂದು ಮೊರ ತೌಡಿಗೆ ಅವ್ವಗೇ ಮಾರಿದಳು.
ಸತ್ತಾಕಿಯಂಗ ಕಾಣಬಾರದು ಕೂಸು,
ಸಾವು ಬಂದರ ಗುರುತು ಸಿಗದ ಹೋಗಬೇಕು.
ಅದಕ್ಕ ಈ ಹೆಸರು.

ಕೈತಾನ ನಿನ್ನೆ ಬಂದಿದ್ದ, ಫೋಟೊ ಹಿಡಕೊಂಡು.
ವಾದಳನ ಹಣಿಮ್ಯಾಲ ಬಿಳಿ ಚಂದ್ರ;
ಇದಕ್ಕ ಬಲಗಣ್ಣಿಗೆ ಇಳಿದ ಗೆರಿ.
ಸಿಳ್ಳೆ ಹಾಕಿದ. ಆ ಸಿಳ್ಳೆಗೆ ವಾದಳ ಕಾಲು ಕೆರೀತಿತ್ತಂತ.
ಕರು ಆಕಳ ಹಿಂದ ಸರೀತು.
'ಎಷ್ಟು ಲಕ್ಷ ಸುರದೀನಿ ಗೊತ್ತೈತೇನು?' ಅಂದ,
ಡಾಕ್ಟರಿಗಲ್ಲ, ಕರುವಿಗೆ.
ನಾಳೆ ಹಗ್ಗ ತರತಾನಂತ.

ಇವತ್ತ ನಸುಕಿನ್ಯಾಗ ಕರು ಹೊತ್ತುಕೊಂಡು ಹೋಗಿ
ಸಗಣಿ ಗುಂಡಿಯ ಮ್ಯಾಲ ಹೊರಳಿಸಿದೆ.
ಕಣ್ಣಿನ ಗೆರಿಗೂ ಸಗಣಿ ಬಳದೆ.
ಎತ್ತಿಕೊಂಡು ತಂದು, ಹನ್ನೆರಡನೇ ನಂಬರಿನ ಗ್ವಾದಲ್ಯಾಗಿಂದಾನ
ಒಂದು ಮೊರ ತೌಡು ತಗೊಂಡು
ಆಕಿಗೇ ಮಾರಿದೆ.
ಗೇರುಮರದ ಕಾಗಿ ಸಾಕ್ಷಿ.
ಕಿವಿಯಾಗ ಮೂರು ಸಲ ಅಂದೆ: ತಿಪ್ಪಣ್ಣ, ತಿಪ್ಪಣ್ಣ, ತಿಪ್ಪಣ್ಣ.

ಹಗ್ಗಕ್ಕ ಹೆಸರು ಕೇಳಿಸತೈತೋ ಇಲ್ಲೋ.
ತೌಡು ಮೊರದಾಗ ಹಂಗೇ ಐತಿ.
ಎಲ್ಲಿ ಇಡಬೇಕೋ ತಿಳೀವಲ್ದು.