ಇಬ್ಬರೂ ಇಂಚಿನವರು

ಯಾವುದು ಛಲೋ ಅಂತ ನನ್ನ ಕೇಳಬ್ಯಾಡ, ಮೊಯಿನ್.
ಮೊದಲ ಆ ಪಾನಾ ಕೆಳಗಿಡು,
ಇಲ್ಲಿ ಬಾಗಲದಾಗ ನನ್ನ ಬಾಜೂ ಕುಂದ್ರು,
ಕಣ್ಣು ಮುಚ್ಚು.

ಹುಮನಾಬಾದ ಕಡಿಂದ ಏರು ಹತ್ತಿ ಬರೂದು ಕೇಳಸ್ತದೇನು?
ಎರಡ ಸಿಲಿಂಡರು, ಕುಂಟು ಹೆಜ್ಜಿ,
ನಡುವ ಒಂದು ಉಸಿರಿನಷ್ಟು ತೆರವು.
ಅದು ಝೆಟರು. ಮಿಲಿಮೀಟರಿನ ಮಂದಿ,
ನಮ್ಮ ಸೂತಿನ ಪಾನಾ ಅದಕ್ಕ ಕೂಡೂದಿಲ್ಲ,
ಒತ್ತಿ ತಿರುವಿದಿ ಅಂದ್ರ ನಟ್ಟಿನ ಮೂಲಿ ತಿಂದು
ದುಂಡಗ ಮಾಡಿ ಕೈಗೆ ಕೊಡ್ತದ.

ಈಗ ಹಳ್ಳಿಖೇಡ ಕಡಿಗೆ ಕಿವಿ ಕೊಡು.
ನೀಲಿ ಫೋರ್ಡ್. ವೈಜಿನಾಥಂದು.
ಎಪ್ಪತ್ತೊಂಬತ್ತರಾಗ ತಂದಾಗ
ಬಾನೆಟ್ ಮ್ಯಾಲ ಜ್ವಾಳದ ರೊಟ್ಟಿ ಬಡಿಬಹುದು ಅಂತಿದ್ದ,
ಅಷ್ಟು ಸಪಾಟ, ಅಷ್ಟು ಬಿಸಿ.
ಎರೀ ಹೊಲದಾಗ ಪಲ್ಟಿ ಹಾಕಿದ್ರ
ಗಳೇ ಹೊಡಿತದೋ, ಭಾವಿ ತೋಡತದೋ ಅನ್ನೂ ಹಂಗ.
ಡೀಸಲ್ ಮಾತ್ರ ಬೀಗರ ಮನ್ಯಾಗ ತುಪ್ಪ ಕುಡದಂಗ ಕುಡಿತದ.

ಧೂಳಪ್ಪಂದು ಕೆಂಪು ಮ್ಯಾಸಿ, ಹತ್ತು ಮೂವತ್ತೈದು.
ಕಡಿಮಿ ಉಂಡು ಜಾಸ್ತಿ ದುಡಿಯೂದು ಅಂತ ಅವನ ಮಾತು.
ಮುರುಮಿನ ಹೊಲ ಅವಂದು, ಕೆಂಪಗ,
ಗಾಡಿ ಹೊಲದಾಗ ನಿಂತ್ರ
ಯಾವುದು ತಗಡು ಯಾವುದು ನೆಲ ಗೊತ್ತಾಗೂದಿಲ್ಲ.

ಇಬ್ಬರೂ ಶುಕ್ರವಾರಕ್ಕೊಮ್ಮೆ ಚಾ ಅಂಗಡ್ಯಾಗ ಕೂಡತಾರ.
ನಲವತ್ತು ವರ್ಷಾತು, ಅದ ಜಗಳ, ಅದ ಬಾಕು.
ನಿನ್ನ ಗಾಡಿ ಹೊಗಿ ಉಗಳತದ.
ನಿಂದರ ಹೈಡ್ರಾಲಿಕ್ ಎತ್ತಿದ್ದು ನಮ್ಮಪ್ಪ ನೋಡಿಲ್ಲ.
ಒಮ್ಮೆ ಸರಪಳಿ ಕಟ್ಟಿ ಹಿಂದ-ಮುಂದ ಜಗ್ಗಿಸಿದ್ರು,
ಸರಪಳಿ ಹರೀತು.
ಸರಪಳಿ ಅಂಗಡಿ ಸೇಠಗ ಇಬ್ಬರೂ ಕೂಡಿ ಬೈದರು,
ಅದೊಂದ ದಿನ ಒಂದ ಮಾತು ಇಬ್ಬರದೂ.

ಕಮಳಾಬಾಯಿ ಮಾತ್ರ ಏನೂ ಅನ್ನಾಕಿಲ್ಲ.
ಆಕಿಂದು ಹಳೇ ಐಷರ್, ಒಂಟಿ ಸಿಲಿಂಡರು,
ರೇಡಿಯೇಟರ ಇಲ್ಲ, ನೀರಡಿಕಿ ಇಲ್ಲ.
ಬೀದರಿನ ತಂಡಿ ನಿನಗ ಗೊತ್ತದ,
ಡಿಸೆಂಬರಿನ ನಸಕಿನ್ಯಾಗ ಕೆಂಪು, ನೀಲಿ ಎರಡೂ ಗೊರಕಿ ಹೊಡಿತಾವ.
ಆಕಿ ಸೆರಗು ಸೊಂಟಕ್ಕ ಸಿಗಿಸಿ, ಹ್ಯಾಂಡಲ್ ಹಾಕಿ,
ಎರಡು ಸುತ್ತು. ಮೂರನೇದಕ್ಕ
ಠಕ್... ಠಕ್... ಠಕ್,
ಊರಾಗಿನ ನಾಯಿ ಏಳೂದರಾಗ ಉದ್ದಿನ ಹೊಲ ದಾಟಿರತಾಳ.
ನಮ್ಮ ಅಂಗಡಿಗೆ ಆಕಿ ಬಂದಿದ್ದು ಎರಡ ಸಲ.
ಅದಕ್ಕ ಆಕಿ ಸುದ್ದಿ ಕಡಿಮಿ ಹೇಳತೀನಿ,
ಅಂಥವರಿಂದ ಮಿಸ್ತ್ರಿ ಹೊಟ್ಟಿ ತುಂಬೂದಿಲ್ಲ.

ಈಗ ಬಾಗಲಾ ಜರಾ ಮುಂದ ಮಾಡು.

ಒಂದು ವರ್ಷ ಹೈದರಾಬಾದಿಂದ ಸಾಮಾನು ಬರಲಿಲ್ಲ.
ಲಾರಿ ನಿಂತಿದ್ದವು, ತೊಗರಿ ರಾಶಿ ನಿಂತಿರಲಿಲ್ಲ.
ವೈಜಿನಾಥನ ಡೈನಮೋ ಸುಟ್ಟಿತ್ತು.
ಧೂಳಪ್ಪನ ಮ್ಯಾಸಿ ಇಲ್ಲೇ ಬಿಚ್ಚಿ ಬಿದ್ದಿತ್ತು,
ಪಿಸ್ಟನ್ ರಿಂಗಿಗೆ ಕಾಯಕೋತ.
ರಾತ್ರಿ ಕಂದೀಲು ಹಚ್ಚಿ ಕೆಂಪಿಂದು ಬಿಚ್ಚಿ ನೀಲಿಗೆ ಹಾಕಿದೆ.
ಎರಡರದೂ ಇಂಚಿನ ಥ್ರೆಡ್ಡು, ನೋಡು,
ಬೋಲ್ಟು ಬೆಣ್ಣ್ಯಾಗ ಬಳ್ಳು ಹೋದಂಗ ಹೋತು.
ಮುಂದ ನೀಲಿದು ಸುಟ್ಟದ್ದಕ್ಕ ಹೊಸಾ ತಂತಿ ಸುತ್ತಿ ಕೆಂಪಿಗೆ ಹಾಕಿದೆ.
ಹಂಗ ಒಂದಕ್ಕೊಂದು ಕೂಡಕೋತ
ದೀಪದ ಗಾಜು, ಕೈಹಿಡಿಕಿ, ಸೀಟಿನ ಸ್ಪ್ರಿಂಗು.

ಮೊನ್ನಿ ಧೂಳಪ್ಪ ಬಂದು ಗಾಡಿ ಚಾಲೂ ಇಟ್ಟು
ಕಣ್ಣು ಮುಚ್ಚಿ ಅಂದ:
ಕೇಳು ಮಿಸ್ತ್ರಿ, ಅಸಲ ಮ್ಯಾಸಿ ಆವಾಜು.
ಸೈಲೆನ್ಸರು ಫೋರ್ಡಿಂದು.
ಹೂಂ ಅಂದೆ. ಏನು ಅನ್ನಲಿ?
ಆವಾಜು ಖರೇನೂ ಛಲೋ ಇತ್ತು.

ಇವತ್ತು ಎರಡೂ ಬಂದಾವ, ಎರಡಕ್ಕೂ ಬಿಳಿ ಹೊಗಿ.
ಬಾಜೂ ಬಾಜೂ ನಿಲ್ಲಿಸು, ಬಾನೆಟ್ ಎತ್ತು.
ಇದರ ನಟ್ಟು ಈ ತಾಟಿನ್ಯಾಗ, ಅದರದು ಆ ತಾಟಿನ್ಯಾಗ,
ಅದಲ ಬದಲ ಮಾಡಬ್ಯಾಡ.

ಆದ್ರೂ ಆತಂದ್ರ,
ಬಿಗಿ ಮಾಡಿ ಸುಮ್ನ ಕೈ ತೊಳಕೊ.