ಮೂರನೆಯ ಚಳಿಗಾಲದ ಸೌದೆ

ಎಸ್ಟೋನಿಯಾದ ಪಡುವಣ ಕಡಲಿನ ಹಿಯುಮಾ ದ್ವೀಪದಲ್ಲಿ
ಎಲ್ಮಾರ್ ಸತ್ತದ್ದು ಸೇಬು ಕೊಯ್ಯುವ ತಿಂಗಳು.
ಬಿಟ್ಟುಹೋದದ್ದು ಒಂದು ದೋಣಿ, ಕೆಟ್ಟ ರೇಡಿಯೋ,
ಕೊಟ್ಟಿಗೆಯ ಗೋಡೆಗೆ ಒರಗಿದ ಮೂರು ಸಾಲು ಸೌದೆ.
ಸಾಲಿಗೊಂದು ಚಳಿಗಾಲ.

ಭೂರ್ಜದ ಮರ. ಸೀಳಿದ ಮೇಲೆ ಒಣಗಬೇಕು,
ಇಲ್ಲದಿದ್ದರೆ ಒಲೆ ಅಳುತ್ತದೆ ಎನ್ನುತ್ತಿದ್ದ.
ಸೌದೆ ಸೀಳುವವನು ಯಾವಾಗಲೂ
ತಾನು ಕಾಣದಿರಬಹುದಾದ ಚಳಿಯ ಮೇಲೆ ಕೊಡಲಿ ಎತ್ತುತ್ತಾನೆ.

ತೊಗಟೆ ಮೇಲೆ, ಎಂದು ಅವನು.
ತೊಗಟೆ ಕೆಳಗೆ, ಎಂದು ಲೈನೆ.
ಐವತ್ತೊಂದು ವರ್ಷ ಇದೇ ಜಗಳ.
ಮಕ್ಕಳ ಹೆಸರಿಗೂ ಇಷ್ಟು ವಾದ ನಡೆದಿರಲಿಲ್ಲ.
ಮೂರೂ ಸಾಲು ತೊಗಟೆ ಮೇಲೆ.
ಸತ್ತವನೇ ಗೆದ್ದ.

ಮೊದಲ ಚಳಿಗಾಲ ಸಿಟ್ಟಿನಲ್ಲಿ ಉರಿಸಿದಳು.
ಪಂಪುಮನೆಯ ಬೀಗದ ಕೈ ಎಲ್ಲಿದೆಯೆಂದು ಹೇಳದೆ ಹೋದ ಗಂಡಸು!
ಅಳೆದಂಥ ತುಂಡುಗಳು, ಒಂದೇ ಏಟಿಗೆ ಸೀಳಿದವು,
ನೋಡದೆಯೇ ಒಲೆಗೆ ತುರುಕಿದಳು.
ಮಂಚದ ತುಂಬ ಅಡ್ಡಡ್ಡ ಮಲಗಿದಳು,
ಅವನಿಗಾಗದ ಈರುಳ್ಳಿ ಹಾಕಿದ ಹೆರಿಂಗ್ ಮೀನು ಮೂರು ಹೊತ್ತೂ ತಿಂದಳು,
ಗೊರಕೆಯಿಲ್ಲದ ಕತ್ತಲಲ್ಲಿ ಹಾಯಾಗಿ ನಿದ್ದೆ ಬಂತಲ್ಲ ಎಂದು
ಬೆಳಗ್ಗೆ ಎದ್ದು ನಾಚಿದಳು.

ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಕೈ ನಿಧಾನವಾಗಿತ್ತು.
ಕಂಡಿತು: ಸೀಳಿನ ಪಕ್ಕದಲ್ಲಿ ತಪ್ಪಿದ ಏಟಿನ ಗಾಯ.
ಒಂದು, ಎರಡು. ಒಂದು ತುಂಡಿನ ಮೈಯಲ್ಲಿ ಐದು.
ಆ ವಸಂತ ಅವನು ಮತ್ತೆ ಮತ್ತೆ ಒಳಗೆ ಬಂದು ನೀರು ಕೇಳುತ್ತಿದ್ದ.
ಕೆಲಸಗಳ್ಳ, ಎಂದು ನಕ್ಕಿದ್ದಳು.
ಬಾಗಿಲ ಚೌಕಟ್ಟು ಹಿಡಿದು ನಿಂತದ್ದು
ಕಡಲು ನೋಡಲೆಂದುಕೊಂಡಿದ್ದಳು.

ನಮ್ಮ ನುಡಿಯಲ್ಲಿ ಒಲೆಗೂ ಓಲೆಗೂ ನಡುವೆ ಒಂದು ದೀರ್ಘವಷ್ಟೆ.
ಅವಳ ನುಡಿ ಬೇರೆ. ಆದರೂ
ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಓದಿ
ಆಮೇಲೆ ಬೆಂಕಿಗಿಟ್ಟಳು.

ಜನವರಿಯಲ್ಲಿ ದಾದಿ ಕೈರಿ ಬಂದಳು,
ಬೂಟಿನ ಹಿಮ ಕೊಡವಿ ಫಾರಂ ಬಿಡಿಸಿದಳು.
‘ಎರಡು ವಾರದಲ್ಲಿ ಎಷ್ಟು ದಿನ ಮನಸ್ಸು ಕುಗ್ಗಿತ್ತು?
ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು, ದಿನವೂ?’
‘ಕುಗ್ಗಿದ್ದೂ ನಕ್ಕದ್ದೂ ಒಂದೇ ಗಳಿಗೆಯಾದರೆ ಯಾವ ಚೌಕ?’
ಹುಡುಗಿ ಪೆನ್ನು ಕಚ್ಚಿದಳು.
‘ಯಾರದಾದರೂ ದನಿ ಕೇಳುತ್ತದೆಯೇ?’
‘ದಿನಾ. ತೊಗಟೆ ಮೇಲೆ, ಅನ್ನುತ್ತದೆ.’
‘ನೀವೇನನ್ನುತ್ತೀರಿ?’
ಇದು ಫಾರಮಿನಲ್ಲಿರಲಿಲ್ಲ.
‘ಕೆಳಗೆ.’

ಮೂರನೆಯ ಸಾಲು.
ಸೀಳಿದ ಮರವೇ ಅಲ್ಲ,
ಮಣಿಕಟ್ಟಿನ ದಪ್ಪದ ರೆಂಬೆಗಳು, ಗಿಡ್ಡ,
ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ.
ಬೊಡ್ಡೆಯ ಮೇಲೆ ಕೊಡಲಿ ಎತ್ತಲಾರದೆ ಇವನ್ನು ಕಡಿದನೇ?
ಇಲ್ಲಾ, ನನ್ನ ಗಂಟುಗಟ್ಟಿದ ಬೆರಳು ನೋಡಿ,
ಒಬ್ಬಳೇ ಆದಾಗ ಇವಳು ಎಷ್ಟು ಎತ್ತಿಯಾಳು ಎಂದು ಲೆಕ್ಕ ಹಾಕಿ,
ಬಾಯಿಬಿಡದೆ ಹೊರಗೆ ಕೂತು ಕಡಿದನೇ?
ಸತ್ತವನನ್ನು ಕೇಳಬಹುದು. ಕೇಳಿದಳು.
ತೊಗಟೆ ಮೇಲೆ, ಎಂದ.

ಹೊರಗೆ ಮೈನಸ್ ಹದಿನೆಂಟು.
ಚಳಿಗೆ ಅರ್ಥ ಬೇಕಿಲ್ಲ.
ಉರಿಸಿದಳು.

ಹದಿನೇಳು ತುಂಡು ಉಳಿದಾಗ ಸೌದೆಯವನಿಗೆ ಫೋನು ಮಾಡಿದಳು.
‘ಎಷ್ಟು ಚಳಿಗಾಲಕ್ಕೆ ಬೇಕು, ಅಜ್ಜಿ?’
ಎಂಬತ್ತಮೂರು ವರ್ಷದ ಬಾಯಿ ತುಸು ಹೊತ್ತು ಸುಮ್ಮನಿತ್ತು.
ಸೂರಿನಿಂದ ಹಿಮ ಕರಗಿ ಬಕೀಟಿಗೆ ಬೀಳುತ್ತಿತ್ತು.
‘ಒಣಗಿದ್ದು ಒಂದಕ್ಕೆ,’ ಎಂದಳು. ಆಮೇಲೆ,
‘ಹಸಿಯದೂ ಹಾಕು, ಎರಡು ಸಾಲು. ಒಣಗಲಿ, ನೋಡೋಣ.’
ಜೋಡಿಸಲು ಹುಡುಗನನ್ನು ಕಳಿಸುತ್ತೇನೆ, ಎಂದ.
‘ಕಳಿಸು. ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿರುತ್ತೇನೆ.
ಅವನಿಗೆ ಮೊದಲೇ ಹೇಳಿರು,
ತೊಗಟೆ ಕೆಳಗೆ.’